ಶಾಪವಿಲ್ಲದ ಕಥೆ: ಹದಿಹರೆಯದ ಗೆಳೆತನ, ಲೈಂಗಿಕ ಅಸ್ಮಿತೆ ಮತ್ತು ನಮ್ಮ ಕಥನ ಪರಂಪರೆ

ಜನಪದ ಅಧ್ಯಯನದಲ್ಲಿ ತೊಡಗಿದವನೊಬ್ಬ ಹದಿಹರೆಯದವರ ಕಾದಂಬರಿಯನ್ನು ಕುರಿತು ಬರೆಯಲು ಹೊರಡುವುದು ಮೊದಲ ನೋಟಕ್ಕೆ ಅಸಂಗತವೆನಿಸಬಹುದು. ಒಂದು, ಹೇಳುವವರೂ ಕೇಳುವವರೂ ಎದುರುಬದುರು ಕುಳಿತಾಗ ಮಾತ್ರ ಹುಟ್ಟುವ ಪರಂಪರೆ. ಇನ್ನೊಂದು, ಒಬ್ಬರು ಬರೆದು ಮತ್ತೊಬ್ಬರು ಏಕಾಂತದಲ್ಲಿ ಓದುವ ಆಧುನಿಕ ಪ್ರಕಾರ. ಆದರೂ ಈ ಲೇಖನಕ್ಕೆ ಕಾರಣವಾದದ್ದು ಜನಪದ ಕಥೆಗಳನ್ನು ಕುರಿತು ಎದ್ದ ಒಂದು ಪ್ರಶ್ನೆಯೇ ಆಗಿದೆ.

ಕೆಲವು ವರ್ಷಗಳ ಹಿಂದೆ ಬಸವಕಲ್ಯಾಣದಲ್ಲಿ ಪದವಿಪೂರ್ವ ವಿದ್ಯಾರ್ಥಿಗಳಿಗಾಗಿ ಜನಪದ ಕಥೆಗಳ ಬಗೆಗೆ ಒಂದು ಉಪನ್ಯಾಸ ನೀಡಿದ್ದೆ. ಮುಗಿದ ಮೇಲೆ ಇಬ್ಬರು ಹುಡುಗರು ಬಳಿಗೆ ಬಂದರು. ಒಬ್ಬ ಮಾತನಾಡಿದ, ಇನ್ನೊಬ್ಬ ನೆಲ ನೋಡುತ್ತ ನಿಂತಿದ್ದ. "ಸರ್, ಗಂಡು ಹುಡುಗ ಗಂಡು ಹುಡುಗನ್ನೇ ಇಷ್ಟಪಡೋ ಕಥಿ ನಮ್ಮ ಕಡಿ ಯಾವುದರೆ ಅದ ಏನ್ರಿ?" ಎಂಬುದು ಪ್ರಶ್ನೆ. ನಾನು ಪಂಡಿತನ ಉತ್ಸಾಹದಿಂದ ಶಿಖಂಡಿ, ಬೃಹನ್ನಳೆ, ಮೋಹಿನಿ, ಎಲ್ಲಮ್ಮನ ಜೋಗಪ್ಪಗಳು ಎಂದು ಪಟ್ಟಿ ಮಾಡತೊಡಗಿದೆ. ಹುಡುಗ ಸಮಾಧಾನದಿಂದ ಕೇಳಿಸಿಕೊಂಡು ಹೇಳಿದ: "ಅವೆಲ್ಲಾ ದೇವರ ಕಥಿ ಅವ ಸರ್. ಒಂದ್ರಾಗ ಶಾಪ, ಒಂದ್ರಾಗ ವರ. ನಾವು ಸಂಜಿಗಿ ಹುಮನಾಬಾದ್ ಬಸ್ ಹತ್ತಿ ಮನಿಗಿ ಹೋಗೋರು."

ಆ ಪ್ರಶ್ನೆ ಇಬ್ಬರಲ್ಲಿ ಯಾರದಾಗಿತ್ತೆಂಬುದನ್ನು ನಾನು ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಆದರೆ ನನ್ನ ಉತ್ತರ ಅವರ ಕೈಗೆ ಏನನ್ನೂ ಕೊಡಲಿಲ್ಲವೆಂಬುದು ಆ ಕ್ಷಣವೇ ತಿಳಿಯಿತು. ಶಾಪವೂ ಇಲ್ಲದೆ ವರವೂ ಇಲ್ಲದೆ, ಬಸ್ಸು ಹತ್ತಿ ಮನೆಗೆ ಹೋಗುವ ಹದಿನೇಳರ ಹುಡುಗನ ಕಥೆಯನ್ನು ಯಾವ ಪ್ರಕಾರ ಹೇಳಬಲ್ಲದು? ಪ್ರಸ್ತುತ ಲೇಖನವು ಈ ಪ್ರಶ್ನೆಯನ್ನು ಜನಪದ ಪರಂಪರೆ, ಹದಿಹರೆಯದವರ ಕಾದಂಬರಿ ಹಾಗೂ ಸಮಕಾಲೀನ ಕನ್ನಡ ಕಥನದ ಹಿನ್ನೆಲೆಯಲ್ಲಿ ವಿವೇಚಿಸಲು ಯತ್ನಿಸುತ್ತದೆ.

ಪರಂಪರೆ ಕೊಟ್ಟ ಜಾಗ, ವಿಧಿಸಿದ ಷರತ್ತು

ಚರ್ಚೆಗೆ ಮೊದಲು ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ತಾನು ಗಂಡೋ ಹೆಣ್ಣೋ ಅಥವಾ ಎರಡರ ನಡುವಿನದೋ ಎಂದು ವ್ಯಕ್ತಿ ತನ್ನನ್ನು ತಾನು ಅರಿಯುವ ಬಗೆ ಲಿಂಗತ್ವದ ಗುರುತು. ಯಾರತ್ತ ಮನಸ್ಸು ಒಲಿಯುತ್ತದೆ ಎಂಬುದು ಲೈಂಗಿಕ ಒಲವು. ಗಂಡಾಗಿ ಹುಟ್ಟಿ ತನ್ನನ್ನು ಹೆಣ್ಣೆಂದು ಅರಿಯುವವರ ಬದುಕು ಒಂದು ಬಗೆಯದು. ಗಂಡಾಗಿಯೇ ಉಳಿದು ಗಂಡಿಗೆ ಒಲಿಯುವವನ ಬದುಕು ಮತ್ತೊಂದು ಬಗೆಯದು. ನಮ್ಮ ಬೈಗುಳಗಳು ಇವೆರಡನ್ನೂ ಒಂದೇ ಗಂಟಿಗೆ ಕಟ್ಟುತ್ತವೆ. ಬೀದರ ಸೀಮೆಯ ಶಾಲೆಯ ಅಂಗಳದಲ್ಲಿ ಮೆಲುದನಿಯ ಹುಡುಗನಿಗೂ, ಚೆಂಡಾಟಕ್ಕೆ ಬಾರದವನಿಗೂ, ಗೆಳೆಯನನ್ನು ಅತಿಯಾಗಿ ಹಚ್ಚಿಕೊಂಡವನಿಗೂ ದೊರೆಯುವುದು ಒಂದೇ ಹೆಸರು. ಈ ಗೊಂದಲ ಬೈಗುಳಕ್ಕಷ್ಟೇ ಸೀಮಿತವಲ್ಲ. ನಮ್ಮ ಅಧ್ಯಯನಗಳಲ್ಲಿಯೂ ಇದೆ. ಆ ದಿನ ಹುಡುಗನೊಬ್ಬನ ಒಲವಿನ ಪ್ರಶ್ನೆಗೆ ನಾನು ವೇಷಾಂತರದ, ಲಿಂಗಾಂತರದ ಕಥೆಗಳನ್ನು ಉತ್ತರವಾಗಿ ಕೊಟ್ಟದ್ದೇ ಇದಕ್ಕೆ ನಿದರ್ಶನ.

ಉತ್ತರ ಕರ್ನಾಟಕದ ಜನಪದವು ಲಿಂಗತ್ವದ ಗಡಿ ದಾಟುವವರಿಗೆ ಜಾಗ ಕೊಟ್ಟಿದೆ ಎಂಬುದು ನಿಜ. ಸವದತ್ತಿಯ ಎಲ್ಲಮ್ಮ ಹಾಗೂ ಹುಲಿಗಿಯ ಹುಲಿಗೆಮ್ಮನ ಆರಾಧನೆಯಲ್ಲಿ ಜೋಗಪ್ಪಗಳು ಮುತ್ತು ಕಟ್ಟಿಸಿಕೊಂಡು, ಸೀರೆಯುಟ್ಟು, ಚೌಡಿಕೆ ನುಡಿಸುತ್ತ ದೇವಿಯ ಕಥೆ ಹಾಡುತ್ತಾರೆ. ಬಯಲಾಟ, ದೊಡ್ಡಾಟಗಳಲ್ಲಿ ಸ್ತ್ರೀಪಾತ್ರ ಮಾಡಿದ ಗಂಡಸರಿಗೆ ಊರು ಸೀರೆ ಉಡಿಸಿ ಸನ್ಮಾನಿಸಿದೆ. ಹೋಳಿಯ ಸೋಗಿನಲ್ಲಿ ಹೆಣ್ಣುವೇಷ ನಗೆಯ ವಸ್ತುವಾದರೂ ನಿಷಿದ್ಧವಲ್ಲ. ಆದರೆ ಈ ಮೂರೂ ಜಾಗಗಳಿಗೆ ಷರತ್ತುಗಳಿವೆ. ಜೋಗಪ್ಪನ ಜಾಗಕ್ಕೆ ದೇವಿಯ ಅಪ್ಪಣೆ ಬೇಕು. ಸ್ತ್ರೀಪಾತ್ರದ ಜಾಗಕ್ಕೆ ರಂಗಸ್ಥಳ ಬೇಕು. ಸೋಗಿನ ಜಾಗಕ್ಕೆ ಹಬ್ಬ ಬೇಕು. ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡು ಮನೆಗೆ ಹೋಗುವವನಿಗೆ ಈ ಮೂರರಲ್ಲಿ ಯಾವುದೂ ರಕ್ಷಣೆ ನೀಡುವುದಿಲ್ಲ.

ಈ ಷರತ್ತಿನ ಭಾರ ಎಷ್ಟೆಂಬುದನ್ನು ಮಂಜಮ್ಮ ಜೋಗತಿ ಅವರ ಬದುಕು ತೋರಿಸುತ್ತದೆ. ಬಳ್ಳಾರಿ ಸೀಮೆಯಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರು ಹದಿಹರೆಯದಲ್ಲಿ ತಮ್ಮೊಳಗಿನ ಹೆಣ್ತನವನ್ನು ಗುರುತಿಸಿಕೊಂಡಾಗ ಮನೆಯವರು ಅವರನ್ನು ಹುಲಿಗೆಮ್ಮನ ಸನ್ನಿಧಿಗೆ ಕರೆದೊಯ್ದು ಮುತ್ತು ಕಟ್ಟಿಸಿದರು. ದೇವಿ ಅವರನ್ನು ಸ್ವೀಕರಿಸಿದಳು, ಮನೆ ಸ್ವೀಕರಿಸಲಿಲ್ಲ. ಅವರು ವಿಷ ಕುಡಿದು ಬದುಕುಳಿದರು. ಮುಂದೆ ಕಾಳವ್ವ ಜೋಗತಿಯವರಿಂದ ಜೋಗತಿ ನೃತ್ಯ ಕಲಿತು, 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಪಡೆದು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದರು. ಅರುಣ್ ಜೋಳದಕೂಡ್ಲಿಗಿ ಅವರು ನಿರೂಪಿಸಿದ 'ನಡುವೆ ಸುಳಿವ ಹೆಣ್ಣು' ಎಂಬ ಅವರ ಆತ್ಮಕಥನದ ಶೀರ್ಷಿಕೆ ನಮ್ಮನ್ನು ನೇರವಾಗಿ ಜೇಡರ ದಾಸಿಮಯ್ಯನ ವಚನದತ್ತ ಒಯ್ಯುತ್ತದೆ. ದೇಹದ ಗುರುತುಗಳನ್ನು ನೋಡಿ ಲೋಕ ಹೆಣ್ಣು, ಗಂಡು ಎಂದು ಹೆಸರಿಡುತ್ತದೆ, ಆತ್ಮಕ್ಕೆ ಆ ಹೆಸರುಗಳು ಅಂಟುವುದಿಲ್ಲ ಎಂಬುದು ಆ ವಚನದ ಇಂಗಿತ. ಮಂಜಮ್ಮನವರ ಸಾಧನೆಯನ್ನು ಕೊಂಡಾಡುವಾಗ ನಾವು ಆ ವಿಷದ ಬಟ್ಟಲನ್ನು ಮರೆಯುತ್ತೇವೆ. ಅಕಾಡೆಮಿಯ ಪೀಠಕ್ಕೆ ಬಂದವರು ಒಬ್ಬರು; ಬಟ್ಟಲಿನಾಚೆಗೆ ದಾಟದವರ ಕಥೆಯನ್ನು ಹೇಳಲು ಅವರೇ ಇಲ್ಲ.

ಇನ್ನೊಂದು ಸಂಗತಿಯೂ ಇಲ್ಲಿ ಪ್ರಸ್ತುತ. ಬೀದರ, ಕಲಬುರಗಿ, ರಾಯಚೂರು ಪ್ರದೇಶಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಫಸಲಿ 1329ರಲ್ಲಿ, ಅಂದರೆ 1919ರಲ್ಲಿ, ಆ ಸಂಸ್ಥಾನವು ನಪುಂಸಕರನ್ನು ಕುರಿತ ಒಂದು ಕಾಯ್ದೆಯನ್ನು ತಂದಿತು. ಶಂಕಿತರ ಹೆಸರುಗಳನ್ನು ದಫ್ತರದಲ್ಲಿ ನಮೂದಿಸುವುದು, ಸಾರ್ವಜನಿಕವಾಗಿ ಹೆಣ್ಣುಡುಗೆ ತೊಟ್ಟರೆ ವಾರಂಟಿಲ್ಲದೆ ಬಂಧಿಸುವುದು ಅದರಲ್ಲಿ ಸೇರಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರವು ಮೈಸೂರು ರಾಜ್ಯಕ್ಕೆ ಬಂದಿತು. ಆ ಕಾಯ್ದೆ ತೆಲಂಗಾಣದಲ್ಲಿ ಉಳಿದುಕೊಂಡು, 2023ರ ಜುಲೈಯಲ್ಲಿ ಅಲ್ಲಿನ ಹೈಕೋರ್ಟು ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿತು. ಸಂಪ್ರದಾಯ ಪೂಜೆಯಲ್ಲಿ ಒಪ್ಪಿದ ಉಡುಗೆಯನ್ನೇ ಪ್ರಭುತ್ವ ಅಪರಾಧವೆಂದು ಬರೆದಿಟ್ಟಿತು. ಇವೆರಡರ ನಡುವೆ ಮನೆಯ ಹುಡುಗನಿಗೆ ಉಳಿದದ್ದು ಮೌನ ಮಾತ್ರ.

ಗೆಳೆತನವೆಂಬ ಮತ್ತೊಂದು ಜಾಗ

ಹಾಗಾದರೆ ಜನಪದದಲ್ಲಿ ಷರತ್ತಿಲ್ಲದ ಜಾಗವೇ ಇಲ್ಲವೆ? ಇದೆ, ಅದನ್ನು ನಾನು ತಪ್ಪು ಕಡೆ ಹುಡುಕಿದ್ದೆ. ಅದು ಗೆಳೆತನ.

ಬಸವಕಲ್ಯಾಣ, ಹುಮನಾಬಾದ ಸೀಮೆಯಲ್ಲಿ ಎಳ್ಳಮಾವಾಸ್ಯೆ ದೊಡ್ಡ ಹಬ್ಬ. ಹೊಲಕ್ಕೆ ಚರಗ ಚೆಲ್ಲಿ, ಭಜ್ಜಿ ಮತ್ತು ರೊಟ್ಟಿಯ ಊಟಕ್ಕೆ ನೆಂಟರಷ್ಟೇ ಅಲ್ಲ, ಗೆಳೆಯರೂ ಬರಬೇಕು. ಹೊಲವಿಲ್ಲದವನನ್ನು ಹೊಲವಿದ್ದ ಗೆಳೆಯ ಕರೆಯುತ್ತಾನೆ. ಅಲ್ಲಿ ಕುಲ, ಭಾಷೆ ಬಹುಮಟ್ಟಿಗೆ ಹಿಂದೆ ಸರಿಯುತ್ತವೆ. ಕನ್ನಡ, ಮರಾಠಿ, ಉರ್ದು, ತೆಲುಗು ನಾಲ್ಕೂ ಮಾತು ಒಂದೇ ಮರದ ನೆರಳಿನಲ್ಲಿ ಕೂಡುತ್ತವೆ. ಮಾಣಿಕನಗರದಲ್ಲಿ ಮಾಣಿಕ ಪ್ರಭುಗಳು 19ನೆಯ ಶತಮಾನದಲ್ಲಿ ಸಕಲಮತ ಸಮನ್ವಯದ ಮಾತನಾಡಿದ ನೆಲವಿದು. ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುವ ಪದ್ಧತಿಯಲ್ಲಿ ಮುನಿದ ಗೆಳೆಯರು ಮಾತು ಬೆಸೆದುಕೊಳ್ಳುತ್ತಾರೆ. ಹೆಣ್ಣುಮಕ್ಕಳ ಪಾಲಿಗೆ ಪಂಚಮಿಯ ಜೋಕಾಲಿ, ಸೀಗಿಹುಣ್ಣಿಮೆ, ಗೌರಿಹುಣ್ಣಿಮೆಗಳು ಗೆಳತಿಯರ ಕೂಟಗಳು. ಬೀಸುವ ಕಲ್ಲಿನ ಮುಂದೆ ತಾಯಿಗೂ ಗಂಡನಿಗೂ ಹೇಳಲಾಗದ್ದನ್ನು ಗೆಳತಿಗೆ ಹೇಳುವುದು ನಮ್ಮ ತ್ರಿಪದಿಗಳ ಮೂಲ ಸ್ಥಿತಿಗಳಲ್ಲೊಂದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೆಳತಿಯನ್ನು ಕುರಿತ ಹಾಡುಗಳಲ್ಲೆಲ್ಲ ಗುಪ್ತ ಪ್ರೇಮವನ್ನು ಕಾಣುವುದು ಪಠ್ಯದ ಮೇಲೆ ಅರ್ಥವನ್ನು ಹೇರಿದಂತಾಗುತ್ತದೆ. ಅಂಥ ಪ್ರೇಮ ಅಲ್ಲಿ ಇರಲಾರದೆಂದು ಮೊದಲೇ ತೀರ್ಮಾನಿಸುವುದೂ ಅಷ್ಟೇ ಅಶಾಸ್ತ್ರೀಯ. ನಾವು ಖಚಿತವಾಗಿ ಹೇಳಬಹುದಾದದ್ದು ಇಷ್ಟು: ನಮ್ಮ ಜನಪದವು ಗೆಳೆಯ ಅಥವಾ ಗೆಳತಿಯನ್ನು ಕೇಳುವ ಕಿವಿಯಾಗಿ ರೂಪಿಸಿದೆ. ಏನನ್ನು ಹೇಳಬಹುದು ಎಂಬುದಕ್ಕೆ ಮಿತಿಯಿದೆ. ಯಾರಿಗೆ ಹೇಳಬೇಕು ಎಂಬುದರಲ್ಲಿ ಸಂಶಯವಿಲ್ಲ.

ಎ. ಕೆ. ರಾಮಾನುಜನ್ ಅವರು ಕರ್ನಾಟಕದಲ್ಲಿ ಸಂಗ್ರಹಿಸಿ, ಅವರ ನಿಧನಾನಂತರ 1997ರಲ್ಲಿ ಪ್ರಕಟವಾದ ಇಂಗ್ಲಿಷ್ ಸಂಕಲನದಲ್ಲಿ ಸೇರಿರುವ ಒಂದು ಕಥೆ ಈ ಮಾತನ್ನು ತಿರುವುಮುರುವಾಗಿ ಹೇಳುತ್ತದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಅವನ್ನು ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದು ಸೇಡು ತೀರಿಸಿಕೊಂಡವು. ಕಥೆ ಬಾಗಿಲಲ್ಲಿ ಜೋಡಾಯಿತು; ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತಾಡಿತು. ಮನೆಗೆ ಬಂದ ಗಂಡ ಯಾರು ಬಂದಿದ್ದರೆಂದು ಜಗಳ ತೆಗೆದು, ಕಂಬಳಿ ಹೊತ್ತು ಹನುಮಂತನ ಗುಡಿಗೆ ಹೋಗಿ ಮಲಗಿದ. ರಾತ್ರಿ ಊರ ದೀಪಗಳು ಆರಿದ ಮೇಲೆ ಅವುಗಳ ಜ್ವಾಲೆಗಳು ಗುಡಿಯಲ್ಲಿ ಸೇರಿ ಮಾತನಾಡುತ್ತಿದ್ದವು. ಅವಳ ಮನೆಯ ದೀಪ ತಡವಾಗಿ ಬಂದು ನಡೆದದ್ದನ್ನು ಹೇಳಿತು. ಗಂಡ ಓಡಿಬಂದು ಆ ಕಥೆ ಯಾವುದು, ಹಾಡು ಯಾವುದು ಎಂದು ಕೇಳಿದ. ಅವಳು ಎರಡನ್ನೂ ಮರೆತಿದ್ದಳು.

ಹೇಳದೆ ಉಳಿದ ಕಥೆ ಮೊದಲು ಸಂಶಯವಾಗುತ್ತದೆ, ಬಳಿಕ ಜಗಳವಾಗುತ್ತದೆ, ಕೊನೆಗೆ ಹೇಳಬೇಕಾದವರಿಗೇ ಮರೆತುಹೋಗುತ್ತದೆ. ಕೇಳುವ ಮನಸ್ಸು ತಡವಾಗಿ ಬಂದರೆ ಕೇಳಲು ಏನೂ ಉಳಿದಿರುವುದಿಲ್ಲ. ಹದಿಹರೆಯದ ಲೈಂಗಿಕ ಅಸ್ಮಿತೆಯನ್ನು ಕುರಿತ ಕಾದಂಬರಿಗಳನ್ನು ಈ ಕಥೆಯ ಬೆಳಕಿನಲ್ಲಿ ಓದಿದರೆ ಅವುಗಳ ಒಳರಚನೆ ಸ್ಪಷ್ಟವಾಗುತ್ತದೆ.

ಹದಿಹರೆಯದವರ ಕಾದಂಬರಿ: ಶಾಪದಿಂದ ಸಾಮಾನ್ಯದತ್ತ

ಗೆಳೆತನವನ್ನೇ ಕೇಂದ್ರವಾಗುಳ್ಳ ಚೊಚ್ಚಲ ಕಾದಂಬರಿಗೆ ನಮ್ಮಲ್ಲಿ ಪ್ರಸಿದ್ಧ ನಿದರ್ಶನ ಆರ್. ಕೆ. ನಾರಾಯಣ್ ಅವರ 1935ರ 'ಸ್ವಾಮಿ ಅಂಡ್ ಫ್ರೆಂಡ್ಸ್'. ಅದರ ಕೊನೆಯಲ್ಲಿ ರಾಜಮ್‌ನನ್ನು ಹೊತ್ತ ರೈಲು ಹೊರಡುತ್ತದೆ. ಮುನಿದ ಗೆಳೆಯ ತನ್ನನ್ನು ಕ್ಷಮಿಸಿದನೋ ಇಲ್ಲವೋ ಸ್ವಾಮಿಗೆ ತಿಳಿಯದೆ ಉಳಿಯುತ್ತದೆ. ಅಲ್ಲಿ ಲೈಂಗಿಕತೆಯ ಪ್ರಶ್ನೆಯಿಲ್ಲ. ಆದರೆ ಬಾಲ್ಯದ ಗೆಳೆತನದ ಮುರಿತವು ದೊಡ್ಡವರ ದುಃಖಗಳಷ್ಟೇ ಗಂಭೀರವೆಂಬ ಗ್ರಹಿಕೆಯಿದೆ. ಹದಿಹರೆಯದವರ ಕಾದಂಬರಿ ನಿಂತಿರುವುದು ಈ ಗ್ರಹಿಕೆಯ ಮೇಲೆಯೇ.

ಲೈಂಗಿಕ ಅಸ್ಮಿತೆ ಈ ಪ್ರಕಾರವನ್ನು ಪ್ರವೇಶಿಸಿದ್ದು 1969ರಲ್ಲಿ, ಅಮೆರಿಕದ ಜಾನ್ ಡಾನೊವನ್ ಹದಿಹರೆಯದವರಿಗಾಗಿ ಬರೆದ ಮೊದಲ ಕಾದಂಬರಿ 'ಐಲ್ ಗೆಟ್ ದೇರ್. ಇಟ್ ಬೆಟರ್ ಬಿ ವರ್ತ್ ದ ಟ್ರಿಪ್' ಮೂಲಕ. ಅಜ್ಜಿ ತೀರಿಕೊಂಡ ಮೇಲೆ ಕುಡಿತಕ್ಕೆ ಬಿದ್ದ ತಾಯಿಯೊಡನೆ ನ್ಯೂಯಾರ್ಕಿನಲ್ಲಿರಲು ಬಂದ 13ರ ಡೇವಿಗೆ ತನ್ನ ನಾಯಿಯೇ ಆಪ್ತ. ಸಹಪಾಠಿ ಆಲ್ಟ್‌ಶುಲರ್‌ನೊಡನೆ ಬೆಳೆದ ಗೆಳೆತನ ಒಂದು ಮುತ್ತಿಗೆ ತಲುಪುತ್ತದೆ. ಬಳಿಕ ನಾಯಿ ಕಾರಿಗೆ ಸಿಕ್ಕು ಸಾಯುತ್ತದೆ. ಅದು ತನ್ನ ತಪ್ಪಿಗೆ ದೊರೆತ ಶಿಕ್ಷೆಯೆಂದು ಡೇವಿ ನಂಬುತ್ತಾನೆ. ಜನಪದ ಅಧ್ಯಯನಕಾರನಿಗೆ ಈ ಎಳೆ ಪರಿಚಿತ: ಇದು ಶಾಪದ ಆಶಯ. ಮಹಾನಗರದ ನಡುವೆ, ದೇವತೆಯಿಲ್ಲದ ಕಥೆಯಲ್ಲಿಯೂ ಶಾಪ ತನ್ನ ಜಾಗ ಹುಡುಕಿಕೊಂಡಿದೆ. ಆದರೆ ಕಾದಂಬರಿ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಯಲ್ಲಿ ಇಬ್ಬರು ಹುಡುಗರು ಮತ್ತೆ ಮಾತನಾಡುತ್ತಾರೆ. ಪರಸ್ಪರರನ್ನು ಗೌರವಿಸಬಹುದೆಂಬ ನಿಲುವಿಗೆ ಬರುತ್ತಾರೆ. ಶಾಪ ಬಿಡಿಸುವುದು ಯಾವ ಋಷಿಯೂ ಅಲ್ಲ, ಮಾತು.

ನ್ಯಾನ್ಸಿ ಗಾರ್ಡನ್ ಅವರ 1982ರ 'ಆನಿ ಆನ್ ಮೈ ಮೈಂಡ್' ಇಬ್ಬರು ಹುಡುಗಿಯರ ಪ್ರೇಮಕಥೆಯನ್ನು ಸಾವಿಲ್ಲದೆ, ಶಿಕ್ಷೆಯಿಲ್ಲದೆ ಮುಗಿಸಿತು. ಅದಕ್ಕೆ ಬೆಲೆ ತೆತ್ತದ್ದು ಪುಸ್ತಕ: 1993ರಲ್ಲಿ ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಅದರ ಪ್ರತಿಯನ್ನು ಸುಟ್ಟರು. ಒಲೇಥಾ ಎಂಬಲ್ಲಿನ ಶಾಲಾ ಆಡಳಿತ ಗ್ರಂಥಾಲಯದಿಂದ ಅದನ್ನು ತೆಗೆಸಿದಾಗ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 1995ರಲ್ಲಿ ಪುಸ್ತಕ ಕಪಾಟಿಗೆ ಮರಳಿತು.

ಭಾರತದ ಇಂಗ್ಲಿಷ್ ಹದಿಹರೆಯದ ಸಾಹಿತ್ಯದಲ್ಲಿ 2014ನೆಯ ವರ್ಷ ಗಮನಾರ್ಹ. ಆ ವರ್ಷ ಪಾಯಲ್ ಧರ್ ಅವರ 'ಸ್ಲೈಟ್ಲಿ ಬರ್ನ್ಟ್' ಮತ್ತು ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' ಪ್ರಕಟವಾದವು. ಮೊದಲನೆಯದರಲ್ಲಿ ಕೋಮಲ್ ಎಂಬ ಹುಡುಗಿ, ಆಪ್ತ ಗೆಳೆಯ ಸಾಹಿಲ್ ತನಗೆ ಏನೋ ಹೇಳಬೇಕಿದೆ ಎಂದಾಗ, ಅವನು ತನ್ನನ್ನು ಪ್ರೀತಿಸುತ್ತಾನೆಂಬ ಮಾತು ಬರಬಹುದೆಂದು ಅಂಜುತ್ತಾಳೆ. ಬರುವುದು ಬೇರೆಯೇ ಮಾತು. ಕಾದಂಬರಿಯ ವಸ್ತು ಸಾಹಿಲ್‌ನ ಒಲವಲ್ಲ. ಅದನ್ನು ಕೇಳಿಸಿಕೊಂಡ ಕೋಮಲ್ ಬದಲಾಗುವ ಬಗೆ.

'ಟಾಕಿಂಗ್ ಆಫ್ ಮುಸ್ಕಾನ್' ಈ ವಿನ್ಯಾಸವನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಶಾಲೆಯ ಹುಡುಗಿ ಮುಸ್ಕಾನ್ ಪ್ರಾಣ ಕಳೆದುಕೊಳ್ಳಲು ಯತ್ನಿಸಿ ಆಸ್ಪತ್ರೆಯಲ್ಲಿದ್ದಾಳೆಂಬ ಸುದ್ದಿಯೊಂದಿಗೆ ಕಥೆ ಆರಂಭವಾಗುತ್ತದೆ. ನಿರೂಪಕರು ಮೂವರು: ಆಲಿಯಾ, ಪ್ರತೀಕ್, ಸುಭೋಜೊಯ್. ಮುಸ್ಕಾನ್‌ಗೆ ನಿರೂಪಣೆಯ ಪಾಲಿಲ್ಲ. ಎಲ್ಲರೂ ಅವಳನ್ನು ಕುರಿತು ಮಾತನಾಡುತ್ತಾರೆ. ಅವಳೊಡನೆ ಮಾತನಾಡಬೇಕಾದ ಹೊತ್ತಿನಲ್ಲಿ ಅವರಲ್ಲಿ ಪ್ರತಿಯೊಬ್ಬರೂ ಬೇರೆ ಬೇರೆ ಕಾರಣಕ್ಕೆ ದೂರ ನಿಂತಿದ್ದರು. ಇದನ್ನು ಮುಸ್ಕಾನ್‌ಳ ಧ್ವನಿಯನ್ನು ಕಸಿದ ದೋಷವೆಂದು ವಾದಿಸಬಹುದು. ಆದರೆ ರಾಮಾನುಜನ್ ಸಂಗ್ರಹದ ಕಥೆಯನ್ನು ನೆನೆದರೆ ಇದರ ಔಚಿತ್ಯ ಹೊಳೆಯುತ್ತದೆ. ಗೃಹಿಣಿಯ ಮನೆಯ ದೀಪ ಗುಡಿಯಲ್ಲಿ ಹೇಳಿದಂತೆ, ಇಲ್ಲಿ ಸಹಪಾಠಿಗಳು ತಡವಾಗಿ ಹೇಳುತ್ತಿದ್ದಾರೆ. ಓದುವ ಹುಡುಗ ಅಥವಾ ಹುಡುಗಿ ಮುಸ್ಕಾನ್‌ಳ ಜಾಗದಲ್ಲಿ ಮಾತ್ರ ನಿಲ್ಲುವುದಿಲ್ಲ. ಆ ಮೂವರ ಜಾಗದಲ್ಲಿಯೂ ನಿಲ್ಲಬೇಕಾಗುತ್ತದೆ. ತರಗತಿಯಲ್ಲಿ ಮುಸ್ಕಾನ್ ಒಬ್ಬಳಿರಬಹುದು; ಉಳಿದವರೆಲ್ಲ ಕೇಳುವವರು. ಆದ್ದರಿಂದ ಇಂಥ ಕಾದಂಬರಿ ಕೆಲವೇ ಮಕ್ಕಳಿಗೆ ಸಂಬಂಧಿಸಿದ್ದೆಂಬ ಆಕ್ಷೇಪ ನಿಲ್ಲುವುದಿಲ್ಲ.

ಕನ್ನಡದ ಸಂದರ್ಭ

ಕನ್ನಡದಲ್ಲಿ ಮಕ್ಕಳ ಸಾಹಿತ್ಯಕ್ಕೂ ಪ್ರೌಢ ಸಾಹಿತ್ಯಕ್ಕೂ ನಡುವೆ ಹದಿಹರೆಯದವರ ಕಪಾಟು ಇನ್ನೂ ಗಟ್ಟಿಯಾಗಿ ರೂಪುಗೊಂಡಿಲ್ಲ. ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೃತಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ದೊರೆತದ್ದುಂಟು. ಆದರೆ ಹದಿನೈದು ದಾಟಿದ ನಮ್ಮ ಓದುಗರು ಬಹುಮಟ್ಟಿಗೆ ನೇರವಾಗಿ ತೇಜಸ್ವಿಯವರ 'ಕರ್ವಾಲೊ'ಗೆ ಜಿಗಿಯುತ್ತಾರೆ. ನಡುವಣ ವಯಸ್ಸಿನ ಒಳಗುದಿಯನ್ನು ಕುರಿತು ಅವರಿಗೆ ಸಿಗುವುದು ಅಲ್ಪ.

ಈ ಕೊರತೆಯ ನಡುವೆ ವಸುಧೇಂದ್ರ ಅವರ 'ಮೋಹನಸ್ವಾಮಿ' ಕಥಾಸಂಕಲನ 2013ರಲ್ಲಿ ಬಂದಿತು. ಅದು ಹದಿಹರೆಯದವರಿಗೆಂದು ಬರೆದದ್ದಲ್ಲ; ಲೇಖಕರ ಮೊದಲ ಕೃತಿಯೂ ಅಲ್ಲ. ಆದರೂ ಆ ವಯಸ್ಸಿನ ಓದುಗನ ಪ್ರಶ್ನೆಗೆ ಕನ್ನಡದಲ್ಲಿ ಅತ್ಯಂತ ಸಮೀಪದ ಉತ್ತರ ಅದರಲ್ಲಿದೆ. ಸಣ್ಣ ಊರಿನ ಬಾಲ್ಯ, ಹಾಸ್ಟೆಲಿನ ಅವಮಾನ, ಬೆಂಗಳೂರಿನ ಉದ್ಯೋಗ ಇವೆಲ್ಲವನ್ನೂ ಹಾದುಹೋಗುವ ಮೋಹನಸ್ವಾಮಿ ದೇವರ ಕಥೆಯವನಲ್ಲ. ಅವನು ಅಡುಗೆ ಮಾಡುತ್ತಾನೆ, ಸಂಬಳ ಎಣಿಸುತ್ತಾನೆ, ಕಾಯುತ್ತಾನೆ. 'ಕಗ್ಗಂಟು' ಕಥೆಯಲ್ಲಿ ಅವನ ಒಡನಾಡಿ ಕಾರ್ತಿಕ್ ಹೆಣ್ಣನ್ನು ಮದುವೆಯಾಗಲು ಹೊರಡುತ್ತಾನೆ. ಎಂಥ ಗಂಟನ್ನಾದರೂ ಬಿಡಿಸಬಲ್ಲ ಮೋಹನಸ್ವಾಮಿಗೆ ಈ ಗಂಟು ಬಿಡಿಸಲಾಗುವುದಿಲ್ಲ. 'ತಗಣಿ' ಕಥೆಯ ಶಂಕರಗೌಡನಿಗೆ ಹಳ್ಳಿಯಲ್ಲಿ ಒದಗುವ ದುರಂತವು ಊರಿನ ಮರ್ಯಾದೆಯೆಂಬ ಕಲ್ಪನೆಯ ಕ್ರೌರ್ಯವನ್ನು ಬಯಲು ಮಾಡುತ್ತದೆ.

ಈ ಕಥೆಗಳಲ್ಲಿ ಮೊದಲನೆಯದನ್ನು ವಸುಧೇಂದ್ರ ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ್ದರು. ಸಂಕಲನ ಬಂದಾಗ ಸ್ವಂತ ಹೆಸರನ್ನು ಹಾಕಿದರು. ತಮ್ಮ ಒಲವನ್ನು ಬಹಿರಂಗವಾಗಿ ಹೇಳಿಕೊಂಡರು. ಕನ್ನಡದ ಹೆಸರಾಂತ ಲೇಖಕರೊಬ್ಬರ ಕಥೆಯೂ ಮೊದಲು ಪರರ ಕೋಟು ತೊಟ್ಟೇ ಹೊರಬರಬೇಕಾಯಿತು ಎಂಬುದನ್ನು ಗಮನಿಸಿದರೆ, ಹದಿನೇಳರ ಹುಡುಗನ ಮೌನ ಅರ್ಥವಾಗುತ್ತದೆ.

ಕಾನೂನಿನ ಹಿನ್ನೆಲೆಯನ್ನೂ ಇಲ್ಲಿ ಸಂಕ್ಷೇಪವಾಗಿ ನೆನೆಯಬೇಕು. ವಯಸ್ಕರು ಪರಸ್ಪರ ಸಮ್ಮತಿಯಿಂದ ಖಾಸಗಿಯಾಗಿ ನಡೆಸುವ ಸಲಿಂಗ ಸಂಬಂಧವನ್ನು ದೆಹಲಿ ಹೈಕೋರ್ಟು 2009ರ ಜುಲೈ 2ರಂದು ಅಪರಾಧದ ವ್ಯಾಪ್ತಿಯಿಂದ ಹೊರಗಿಟ್ಟಿತು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. 2014ರ ಏಪ್ರಿಲ್ 15ರಂದು ಅದೇ ನ್ಯಾಯಾಲಯ ತೃತೀಯ ಲಿಂಗಿಗಳ ಗುರುತಿನ ಹಕ್ಕನ್ನು ಎತ್ತಿಹಿಡಿಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ದಂಡ ಸಂಹಿತೆಯ 377ನೆಯ ಕಲಮು ವಯಸ್ಕರ ಸಮ್ಮತಿಯ ಸಂಬಂಧಕ್ಕೆ ಅನ್ವಯಿಸದೆಂದು ತೀರ್ಮಾನಿಸಿತು. 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನ್ಯಾಯಾಲಯ ಒಪ್ಪಲಿಲ್ಲ. 'ಮೋಹನಸ್ವಾಮಿ' ಹಾಗೂ ಮೇಲೆ ಹೇಳಿದ ಎರಡು ಇಂಗ್ಲಿಷ್ ಕಾದಂಬರಿಗಳು ಹೊರಬಂದದ್ದು 2013 ಮತ್ತು 2014ರ ಆ ಏರುಪೇರಿನ ಕಾಲದಲ್ಲಿ ಎಂಬುದು ಗಮನಾರ್ಹ.

ಶಾಲೆಯ ಅಂಗಳಕ್ಕೆ ಈ ಬದಲಾವಣೆ ನಿಧಾನವಾಗಿಯೂ ಇಳಿದಿಲ್ಲ. 2021ರ ನವೆಂಬರಿನಲ್ಲಿ ಎನ್‌ಸಿಇಆರ್‌ಟಿ, ಲಿಂಗತ್ವದ ಭಿನ್ನತೆಯುಳ್ಳ ಮಕ್ಕಳನ್ನು ಶಾಲೆಯಲ್ಲಿ ಒಳಗೊಳ್ಳುವ ಬಗೆಗೆ ಶಿಕ್ಷಕರಿಗಾಗಿ ಸಿದ್ಧಪಡಿಸಿದ ಕೈಪಿಡಿ ಆಕ್ಷೇಪಗಳ ನಡುವೆ ಕೆಲವೇ ದಿನಗಳಲ್ಲಿ ಅದರ ಜಾಲತಾಣದಿಂದ ಮರೆಯಾಯಿತು. ಶಿಕ್ಷಕರಿಗೆ ಕೈಪಿಡಿಯಿಲ್ಲದ ಕಡೆ ಮಕ್ಕಳಿಗೆ ಕಥೆಯಾದರೂ ಬೇಕು.

ಕೇಳುವ ಮಂಟಪ

ಈ ಪ್ರಶ್ನೆಯನ್ನು ಬಸವಕಲ್ಯಾಣದಲ್ಲಿ ನಿಂತು ಕೇಳಿಸಿಕೊಂಡವನಿಗೆ ಇನ್ನೊಂದು ಹೊಣೆಯಿದೆ. ಇದು ಹರಳಯ್ಯ, ಮಧುವರಸರ ಊರು. ಅವರ ಮಕ್ಕಳಾದ ಶೀಲವಂತ, ಲಾವಣ್ಯವತಿಯರ ಮದುವೆಗಾಗಿ ತಂದೆಯಂದಿರು ಎಳೆಹೂಟೆಯ ಶಿಕ್ಷೆ ಅನುಭವಿಸಿದರೆಂದು ಪರಂಪರೆ ಹೇಳುತ್ತದೆ. ಯಾರು ಯಾರನ್ನು ವರಿಸಬಹುದು ಎಂಬ ಪ್ರಶ್ನೆಗೆ ರಕ್ತದಲ್ಲಿ ಉತ್ತರ ಬರೆದ ನೆನಪು ಈ ನೆಲದ್ದು. ಆ ತಂದೆಯಂದಿರು ಇಂದು ನಮಗೆ ಪೂಜ್ಯರು. ಅವರನ್ನು ಪೂಜಿಸುವ ಮನೆಯೊಳಗೆ ಮಗನೊಬ್ಬ ತನ್ನ ಒಲವನ್ನು ತಂದೆಗೆ ಹೇಳಲು ಹೆದರುತ್ತಾನೆಂದರೆ ನಮ್ಮ ಪೂಜೆಯನ್ನು ನಾವೇ ಪರೀಕ್ಷಿಸಿಕೊಳ್ಳಬೇಕು.

ಇದು ಅನುಭವ ಮಂಟಪದ ಊರೂ ಹೌದು. ಉಡುತಡಿಯಿಂದ ನಡೆದುಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಪ್ರಶ್ನಿಸುವ ಪ್ರಸಂಗವನ್ನು ಶೂನ್ಯಸಂಪಾದನೆಗಳು ವಿಸ್ತಾರವಾಗಿ ನಿರೂಪಿಸುತ್ತವೆ. ನಿನ್ನ ಗಂಡನಾರು, ಉಡುಗೆ ಬಿಟ್ಟು ಕೂದಲಿಂದ ಮೈ ಮುಚ್ಚಿಕೊಂಡದ್ದೇಕೆ ಎಂಬ ಪ್ರಶ್ನೆಗಳು ಇಂದಿಗೂ ಎಳೆಯರನ್ನು ಚುಚ್ಚುವ ಪ್ರಶ್ನೆಗಳ ಜಾತಿಯವೇ. ಎಳೆಯ ಹೆಣ್ಣೊಬ್ಬಳು ತನ್ನ ದೇಹಕ್ಕೂ ಒಲವಿಗೂ ಸಭೆಯಲ್ಲಿ ವಿವರಣೆ ಕೊಡಬೇಕಾಗಿ ಬಂದದ್ದನ್ನು ನಾವು ಲಘುವಾಗಿ ಕಾಣಬಾರದು. ಅಕ್ಕನ ಒಲವು ಅಧ್ಯಾತ್ಮದ್ದು. ಅದನ್ನು ಇಂದಿನ ಲೈಂಗಿಕ ಅಸ್ಮಿತೆಯೊಡನೆ ಸಮೀಕರಿಸುವುದು ಸರಿಯಲ್ಲ. ನಾನು ಗಮನಿಸುವುದು ಸಭೆಯ ನಡತೆಯನ್ನು. ಸಭೆ ಪ್ರಶ್ನಿಸಿತು, ಆದರೆ ಉತ್ತರ ಮುಗಿಯುವವರೆಗೆ ಕೇಳಿತು, ಕೇಳಿದ ಮೇಲೆ ತಾನೇ ಬದಲಾಗಿ ಅವಳನ್ನು ಅಕ್ಕ ಎಂದಿತು. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆಯಾಯಿತು. ಕಲ್ಲಿನ ಮಂಟಪಕ್ಕೆ ಅಡಿಗಲ್ಲು ಬೇಕು. ಕೇಳುವ ಮಂಟಪಕ್ಕೆ ತರಗತಿಯ ಒಂದು ಬೆಂಚು ಸಾಕು.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಮಾತುಗಳನ್ನು ಹೇಳಬಹುದು. ನಮ್ಮ ಜನಪದವು ಲಿಂಗತ್ವದ ಗಡಿ ದಾಟುವವರಿಗೆ ದೈವ, ರಂಗ, ಹಬ್ಬಗಳ ಮೂಲಕ ಜಾಗ ಕೊಟ್ಟಿದೆ. ಸಾಮಾನ್ಯನಾಗಿ ಉಳಿದು ಒಲಿಯುವವನಿಗೆ ಆ ಜಾಗಗಳು ದಕ್ಕುವುದಿಲ್ಲ. ಅದೇ ಜನಪದವು ಗೆಳೆತನವನ್ನು ಕೇಳುವ ಸಂಬಂಧವಾಗಿ ಕಟ್ಟಿಕೊಟ್ಟಿದೆ. ಹದಿಹರೆಯದ ಅಸ್ಮಿತೆಯನ್ನು ಕುರಿತ ಒಳ್ಳೆಯ ಕಾದಂಬರಿಗಳು ಈ ಎರಡನೆಯ ಜಾಗದಿಂದಲೇ ಹೊರಡುತ್ತವೆ. ಆದ್ದರಿಂದ ಕನ್ನಡದಲ್ಲಿ ಬರಬೇಕಾದ ಅಂಥ ಕಾದಂಬರಿಯನ್ನು ಪರದೇಶದ ಆಮದೆಂದು ಭಾವಿಸಬೇಕಿಲ್ಲ. ಅದಕ್ಕೆ ಬೇಕಾದ ಹೊಲ, ಮರದ ನೆರಳು, ಬಸ್ಸಿನ ಕಿಟಕಿ, ನಾಲ್ಕು ಭಾಷೆಗಳ ಸಲಿಗೆ ಇಲ್ಲಿಯೇ ಇವೆ. ಜೋಗಪ್ಪಗಳ ಹಾಡುಗಳನ್ನು ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಶಾಲಾ ಅಂಗಳದ ಬೈಗುಳಗಳನ್ನೂ, ಆ ಬೈಗುಳಕ್ಕೆ ಅಡ್ಡ ನಿಂತ ಗೆಳೆಯರ ಮಾತುಗಳನ್ನೂ ದಾಖಲಿಸುವುದು ನಮ್ಮ ಅಧ್ಯಯನಗಳ ಮುಂದಿನ ಕೆಲಸವಾಗಬೇಕು.

ಆ ಸಂಜೆ ಮಾತು ಮುಗಿಸಿ ನಾನೂ ಬಸ್ ನಿಲ್ದಾಣಕ್ಕೆ ಬಂದಾಗ ಆ ಇಬ್ಬರೂ ಹುಮನಾಬಾದ ಬಸ್ಸಿನ ಹತ್ತಿರ ನಿಂತಿದ್ದರು. ಸೀಟಿಗಾಗಿ ನೂಕುನುಗ್ಗಲು. ಪ್ರಶ್ನೆ ಕೇಳಿದ ಹುಡುಗ ಕಿಟಕಿಯಿಂದ ಚೀಲ ಒಗೆದು ಸೀಟು ಹಿಡಿದು, ಕೆಳಗಿದ್ದ ಗೆಳೆಯನನ್ನು ಕೂಗಿ ಕರೆದ. ಉಪನ್ಯಾಸದ ಹೊತ್ತಿನಲ್ಲೆಲ್ಲ ತಲೆ ತಗ್ಗಿಸಿದ್ದವನು ಹತ್ತಿ ಪಕ್ಕದಲ್ಲಿ ಕುಳಿತ. ಬಸ್ಸು ಹೊರಡುವಾಗ ಅವನು ಏನೋ ಹೇಳುತ್ತಿದ್ದ. ಇನ್ನೊಬ್ಬ ಕಿವಿಗೊಟ್ಟು ಕೇಳುತ್ತಿದ್ದ. ಆ ಹುಡುಗ ನನ್ನಲ್ಲಿ ಕೇಳಿದ ಕಥೆ ನನ್ನ ಸಂಗ್ರಹದಲ್ಲಿರಲಿಲ್ಲ.